ಮಗಳ ತಂಡಕ್ಕೆ ಅಪ್ಪನೇ ಕೋಚ್

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಅವಳು ಆಡುವ, ಹತ್ತು ವರ್ಷದೊಳಗಿನ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಬೇರೆ ಯಾರೂ ಮುಂದೆ ಬಾರದ ಕಾರಣ ನಾನೇ ಕೋಚ್ ಆಗಿದ್ದೇನೆ. ಅವಳಿಗೆ ಪಿಚಿಂಗ್ (ಬ್ಯಾಟ್ ಮಾಡುವವರತ್ತ ಚೆಂಡು ಎಸೆಯುವುದು) ಚೆನ್ನಾಗಿ ಒಲಿದಿದೆ, ಆದರೆ ಅವಳ ಕೈಗೆ ಚೆಂಡು ಕೊಟ್ಟಾಗಲೆಲ್ಲ ಉಳಿದ ಪೋಷಕರು ಗುಸುಗುಸು ಶುರುಮಾಡುತ್ತಾರೆ. ಹಾಗೆಂದು ಔಟ್‌ಫೀಲ್ಡ್‌ಗೆ ಕಳುಹಿಸಿದರೆ ಮನೆಗೆ ಬಂದ ಮೇಲೆ ನನ್ನೊಡನೆ ಮಾತು ಬಿಡುತ್ತಾಳೆ. ಮೊನ್ನೆ, ‘ಅಪ್ಪಾ, ಎಲ್ಲರನ್ನೂ ಬಿಟ್ಟು ನನಗೊಬ್ಬಳಿಗೇ ಯಾಕೆ ಬೈತೀಯ?’ ಎಂದು ಕೇಳಿದಳು. ನಾನು ಏನು ಮಾಡಲಿ? ಇನ್ನೊಂದು ವಿಷಯ: ಸಾಫ್ಟ್‌ಬಾಲ್‌ನಲ್ಲಿ ಕೈಯನ್ನು ಕೆಳಗಿನಿಂದ ಬೀಸಿ ಎಸೆಯುವುದರಿಂದ ಭುಜಕ್ಕೆ ಶ್ರಮವಿಲ್ಲ ಎನ್ನುತ್ತಾರೆ. ಹಾಗಾದರೆ ದಿನವೂ ಪಿಚಿಂಗ್ ಅಭ್ಯಾಸ ಮಾಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹೆಚ್ಚು ತೂಕವಿರುವುದು ಮಗಳು ಕೇಳಿದ ಪ್ರಶ್ನೆಗೆ. ಪೋಷಕರ ಗುಸುಗುಸು ಅದರ ನಂತರದ ಮಾತು. ಸ್ವಂತ ಮಗುವಿರುವ ತಂಡವನ್ನು ನಡೆಸುವ ತಂದೆ ಪಕ್ಷಪಾತದ ಆರೋಪಕ್ಕೆ ಅಂಜಿ, ತನಗೆ ಅರಿವಿಲ್ಲದೆಯೇ ತನ್ನ ಮಗುವಿನ ಮೇಲೆ ಇತರರಿಗಿಂತ ಕಠಿಣನಾಗುವುದು ಬಹಳ ಸಾಮಾನ್ಯ. ಮುಂದಿನ ಅಭ್ಯಾಸದ ದಿನ ನಿಮ್ಮ ಮಾತನ್ನೇ ಸ್ವಲ್ಪ ಗಮನಿಸಿ ನೋಡಿ. ನೆಲಕ್ಕೆ ಅಂಟಿಕೊಂಡು ಬಂದ ಚೆಂಡು ಬೇರೊಬ್ಬ ಹುಡುಗಿಯ ಗ್ಲೌಸ್ ಕೆಳಗಿನಿಂದ ನುಸುಳಿ ಹೋದರೆ, ‘ಪರವಾಗಿಲ್ಲ, ಮೊದಲು ಗ್ಲೌಸ್ ನೆಲಕ್ಕೆ ತಾಗಿಸು, ಆಮೇಲೆ ಚೆಂಡಿಗೆ ಕಾಯಿ’ ಎನ್ನುತ್ತೀರಿ. ಅದೇ ತಪ್ಪು ಮಗಳಿಂದಾದರೆ, ‘ನಿನಗೆ ಎಷ್ಟು ಸಲ ಹೇಳಬೇಕು?’ ಎಂಬ ಮಾತು ಬಂದಿರುತ್ತದೆ. ಮೊದಲನೆಯದರಲ್ಲಿ ಕಲಿಯುವುದಕ್ಕೆ ಏನೋ ಇದೆ, ಎರಡನೆಯದರಲ್ಲಿ ಇರುವುದು ಬೈಗುಳ ಮಾತ್ರ. ಮಗಳ ತಪ್ಪು ತಿದ್ದುವ ಕೆಲಸವನ್ನು ಕೆಲವು ವಾರಗಳ ಮಟ್ಟಿಗೆ ಸಹಾಯಕ ಕೋಚ್‌ಗೆ ಬಿಟ್ಟುಕೊಡಿ. ಅಂಥವರು ಇಲ್ಲದಿದ್ದರೆ ಪೋಷಕರಲ್ಲೇ ಒಬ್ಬರನ್ನು ಒಪ್ಪಿಸಿ. ಗುಸುಗುಸು ಮಾಡುವವರಲ್ಲೇ ಒಬ್ಬರಾದರೆ ಇನ್ನೂ ಒಳ್ಳೆಯದು!

ಉಳಿದ ಹುಡುಗಿಯರು ಆಟ ಮುಗಿದ ಮೇಲೆ ಕೋಚನ್ನು ಮೈದಾನದಲ್ಲೇ ಬಿಟ್ಟು ಹೋಗುತ್ತಾರೆ. ನಿಮ್ಮ ಮಗಳು ಮಾತ್ರ ಕೋಚ್‌ನ ಜೊತೆಯಲ್ಲೇ ಮನೆಗೆ ಬಂದು, ಕೋಚ್‌ನ ಎದುರಿಗೇ ಕುಳಿತು ಊಟ ಮಾಡಬೇಕಾಗಿದೆ. ಆದ್ದರಿಂದ ಹಿಂದಿರುಗುವ ದಾರಿಯಲ್ಲಿ ಆಟದ ವಿಮರ್ಶೆ ಬೇಡ, ಹೊಗಳಿಕೆಯ ರೂಪದಲ್ಲಿಯೂ ಬೇಡ. ಅವಳೇ ಮಾತೆತ್ತಿದರೆ ಕೇಳಿಸಿಕೊಳ್ಳಿ, ಕೇಳಿದ್ದಕ್ಕಷ್ಟೇ ಉತ್ತರಿಸಿ.

ಇನ್ನು ಪಿಚರ್ ಸ್ಥಾನದ ವಿಚಾರ. ಆಕ್ಷೇಪಕ್ಕೆ ಹೆದರಿ, ಚೆನ್ನಾಗಿ ಎಸೆಯಬಲ್ಲ ಹುಡುಗಿಯನ್ನು ಔಟ್‌ಫೀಲ್ಡ್‌ನಲ್ಲಿ ನಿಲ್ಲಿಸುವುದೂ ಅನ್ಯಾಯವೇ. ಆದರೆ ಯಾರು ಎಲ್ಲಿ ಆಡುತ್ತಾರೆ ಎಂಬುದು ಪಂದ್ಯದ ಹೊತ್ತಿಗೆ ನಿಮ್ಮ ಬಾಯಿಂದ ಹೊರಬೀಳುವ ತೀರ್ಮಾನವಾಗಿರುವವರೆಗೂ ಅನುಮಾನ ತಪ್ಪುವುದಿಲ್ಲ. ಪಂದ್ಯಾವಳಿ ಆರಂಭವಾಗುವ ಮುನ್ನವೇ ಪೋಷಕರನ್ನು ಕೂಡಿಸಿ, ಪ್ರತಿ ಹುಡುಗಿಯೂ ಸರದಿಯಂತೆ ಇನ್‌ಫೀಲ್ಡ್‌ನಲ್ಲಿಯೂ ಔಟ್‌ಫೀಲ್ಡ್‌ನಲ್ಲಿಯೂ ಆಡುತ್ತಾಳೆ, ಪಿಚಿಂಗ್ ಕಲಿಯಲು ಬಯಸುವವರಿಗೆಲ್ಲ ಅಭ್ಯಾಸದಲ್ಲಿ ಸಮಾನ ಅವಕಾಶವಿದೆ, ಒಂದು ಪಂದ್ಯದಲ್ಲಿ ಒಬ್ಬಳು ಇಷ್ಟೇ ಇನ್ನಿಂಗ್ಸ್ (ಎರಡೂ ತಂಡಗಳು ಒಂದೊಂದು ಸಲ ಬ್ಯಾಟ್ ಮಾಡುವ ಸುತ್ತು) ಎಸೆಯುತ್ತಾಳೆ ಎಂಬುದನ್ನು ತಿಳಿಸಿ, ಪ್ರತಿ ಪಂದ್ಯದ ಪಟ್ಟಿಯನ್ನು ಮುಂಚಿತವಾಗಿಯೇ ಬರೆದು ಕೊಡಿ. ನಿಮ್ಮ ಪಂದ್ಯಾವಳಿಯ ನಿಯಮ ಒಪ್ಪುವುದಾದರೆ ಬಂದಿರುವ ಹುಡುಗಿಯರೆಲ್ಲರನ್ನೂ ಬ್ಯಾಟಿಂಗ್ ಕ್ರಮದಲ್ಲಿ ಸೇರಿಸಿ. ಇಷ್ಟಾದ ಮೇಲೂ ಗೊಣಗುವವರು ಗೊಣಗುತ್ತಾರೆ. ಅವರಿಗೆ ಉತ್ತರ ಕೊಡುವುದಕ್ಕೆ ಮಕ್ಕಳು ನಿಂತಿರುವ ಮೈದಾನ ಜಾಗವಲ್ಲ.

ಎಲ್ಲರಿಗೂ ಅವಕಾಶ ಕೊಟ್ಟು, ಮೆಲುಮಾತಿನಲ್ಲಿ ತಿದ್ದುತ್ತ ಹೋದರೆ ತಂಡ ಸೋಲುತ್ತದೆ ಎಂಬ ಅಳುಕು ನಿಮಗಿರಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಮಕ್ಕಳ ಬೇಸ್‌ಬಾಲ್ ತಂಡಗಳನ್ನು ದೀರ್ಘಕಾಲ ಅಧ್ಯಯನ ಮಾಡಿದವರು. ನ್ಯಾನ್ಸಿ ಬಾರ್ನೆಟ್ ಅವರೊಡನೆ 1992ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೋತ್ಸಾಹಿಸುತ್ತ ತಿದ್ದುವ ಕ್ರಮವನ್ನು ಕಲಿತಿದ್ದ ಕೋಚ್‌ಗಳ ತಂಡಗಳಿಂದ ಮರುವರ್ಷ ಆಟ ಬಿಟ್ಟ ಮಕ್ಕಳು ಶೇ 5ರಷ್ಟಿದ್ದರೆ, ಅಂಥ ತರಬೇತಿ ಇಲ್ಲದ ಕೋಚ್‌ಗಳ ತಂಡಗಳಲ್ಲಿ ಶೇ 26ರಷ್ಟಿದ್ದರು. ಎರಡೂ ಬಗೆಯ ತಂಡಗಳ ಸೋಲು ಗೆಲುವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಕೆಳಗಿನಿಂದ ಎಸೆದರೆ ಭುಜಕ್ಕೆ ಶ್ರಮವಿಲ್ಲ ಎಂಬುದು ಹಳೆಯ ನಂಬಿಕೆ, ಅದನ್ನು ಬಿಟ್ಟುಬಿಡಿ. ಕೈಯನ್ನು ಪೂರ್ತಿ ವೃತ್ತಾಕಾರವಾಗಿ ಸುತ್ತಿ ಎಸೆಯುವ ಪಿಚ್‌ನಲ್ಲಿ ಭುಜದ ಕೀಲನ್ನು ಹೊರಕ್ಕೆ ಜಗ್ಗುವ ಬಲವು, ಬೇಸ್‌ಬಾಲ್‌ನಲ್ಲಿ ತಲೆಯ ಮೇಲಿನಿಂದ ಎಸೆಯುವಾಗ ಉಂಟಾಗುವ ಬಲಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ ಎಂದು ಅಳತೆಗಳು ತೋರಿಸಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಸಂಘಟಿತ ಆಟವಾಡುವ ಮಕ್ಕಳಿಗೆ ವಾರದಲ್ಲಿ ಒಂದೆರಡು ದಿನವಾದರೂ ಬಿಡುವು ಇರಬೇಕೆಂದೂ, ವರ್ಷದಲ್ಲಿ ಒಟ್ಟು ಮೂರು ತಿಂಗಳ ಕಾಲ, ಒಮ್ಮೆಗೆ ಒಂದೊಂದು ತಿಂಗಳಿನಂತೆ, ಅವರು ತಮ್ಮ ಮುಖ್ಯ ಆಟದಿಂದ ದೂರವಿರುವುದು ಒಳ್ಳೆಯದೆಂದೂ ಸಲಹೆ ನೀಡಿದೆ. ಹಾಗಾಗಿ ದಿನವೂ ಪಿಚಿಂಗ್ ಬೇಡ. ಈ ವಯಸ್ಸಿನವರ ಪಂದ್ಯಗಳಲ್ಲಿ ಸಾಮಾನ್ಯವಾಗಿ 11 ಇಂಚು ಸುತ್ತಳತೆಯ ಚೆಂಡನ್ನು 35 ಅಡಿ ದೂರದಿಂದ ಎಸೆಯಲಾಗುತ್ತದೆ. ವಯಸ್ಕ ಮಹಿಳೆಯರಿಗೆ 12 ಇಂಚಿನ ಚೆಂಡು, 43 ಅಡಿ ದೂರ. ಶಕ್ತಿ ಬರಲಿ ಎಂದು ಈಗಲೇ ದೊಡ್ಡವರ ಅಳತೆಯಲ್ಲಿ ಎಸೆಯಿಸಿದರೆ, ಚೆಂಡನ್ನು ಹೇಗಾದರೂ ಅಲ್ಲಿಗೆ ಮುಟ್ಟಿಸುವ ಆತುರದಲ್ಲಿ ಅವಳ ಎಸೆತದ ಶೈಲಿಯೇ ಕೆಡುತ್ತದೆ. ಬ್ಯಾಟ್ಸ್‌ವುಮನ್‌ಗೆ ಅಷ್ಟು ಹತ್ತಿರ ನಿಲ್ಲುವ ಪಿಚರ್ ಅಭ್ಯಾಸದಲ್ಲಿಯೂ ಮುಖರಕ್ಷಕ ಧರಿಸಿರಲಿ.

ಭುಜದ ಮುಂಭಾಗದಲ್ಲಿ ನೋವು ಕಾಣಿಸಿದರೆ ಪಿಚಿಂಗ್ ನಿಲ್ಲಿಸಿ, ವಿಶ್ರಾಂತಿಯಿಂದ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಆದರೆ ಅಪ್ಪನಿಗೆ ಬೇಸರವಾದೀತೆಂದು ಕೋಚ್‌ನ ಮಗಳು ನೋವನ್ನು ಮುಚ್ಚಿಡುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದ್ದರಿಂದ ‘ಕೈ ನೋಯುತ್ತಿದೆಯಾ?’ ಎಂದು ಪ್ರತಿ ಪಂದ್ಯದ ನಂತರ ಅವಳ ತಾಯಿಯೋ ಸಹಾಯಕ ಕೋಚೋ ನೀವಿಲ್ಲದ ಹೊತ್ತಿನಲ್ಲಿ ಕೇಳಲಿ. ನೋವಿದೆ ಎಂದು ಅವಳು ಹೇಳಿದರೆ, ಮುಂದಿನ ಪಂದ್ಯದಲ್ಲಿ ಅವಳು ಎಸೆಯಬೇಕೇ ಬೇಡವೇ ಎಂಬ ತೀರ್ಮಾನವೂ ಅವರದೇ ಆಗಿರಲಿ.