ಸಂಪಾದಕರ ಉತ್ತರ: ಮೇಷ್ಟ್ರ ಹೊಟ್ಟೆಯ ಉರಿ

ಪತ್ರ: “ಕಳೆದ ಸಂಚಿಕೆಯಲ್ಲಿ ಸಿನಿಮಾ ಹಾಡುಗಳ ಉಪಮೆ, ರೂಪಕಗಳನ್ನು ಹೊಗಳಿ ಎರಡು ಪುಟ ಹಾಳು ಮಾಡಿದ್ದೀರಿ. ಚಂದ್ರನನ್ನು ತಂದು ನಲ್ಲೆಯ ಕಿವಿಗೆ ಓಲೆ ಮಾಡುತ್ತೇನೆ ಎನ್ನುವುದು ಹಸಿ ಸುಳ್ಳಲ್ಲವೇ? ಮಕ್ಕಳು ಇದನ್ನು ಹಾಡಿಕೊಂಡು ತಿರುಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.” – ನಿವೃತ್ತ ಗಣಿತ ಶಿಕ್ಷಕರು, ದಾವಣಗೆರೆ

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಶುರುಮಾಡುವವನಿದ್ದೆ. ನಿಮಗೆ ಅದೂ ಸುಳ್ಳಾದೀತೆಂದು ಬಿಟ್ಟೆ. ಆದರೆ ಕೊನೆಯ ಸಾಲಿನಲ್ಲಿ ನೀವೇ ಸಿಕ್ಕಿಬಿದ್ದಿದ್ದೀರಿ. ಹೊಟ್ಟೆ ಉರಿಯುತ್ತದೆ ಎಂದಿರಲ್ಲ, ಎಷ್ಟು ಡಿಗ್ರಿ? ಸುಳ್ಳು ‘ಹಸಿ’ಯಾದದ್ದು ಯಾವಾಗ, ಬೇಯಿಸಿ ನೋಡಿದ್ದಿರಾ? ವೃತ್ತಿಯುದ್ದಕ್ಕೂ ಕರಿಹಲಗೆಯ ಮುಂದೆ ನಿಂತು ‘ಬೆಲೆ ಎಕ್ಸ್ ಆಗಿರಲಿ’ ಎಂದವರು ನೀವು. ಆಗಿರಲಿ ಎಂದರೆ ಆಗಿಬಿಡುತ್ತದೆಯೇ?

ನಿಮ್ಮ ಸಿಟ್ಟಿನಲ್ಲಿ ನಾಲ್ಕಾಣೆ ನ್ಯಾಯವಿದೆ, ಇಲ್ಲವೆನ್ನುವುದಿಲ್ಲ. ಈಗ ರಾಗ ಮೊದಲು ಹುಟ್ಟುತ್ತದೆ, ಮಾತು ಆಮೇಲೆ. ನಾಲ್ಕು ಮಾತ್ರೆಯ ಜಾಗ ಖಾಲಿ ಉಳಿಯಿತೋ, ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಅಲ್ಲಿಗೊಬ್ಬ ‘ಚಂದಿರ’ ಬಂದು ಕೂರುತ್ತಾನೆ. ಅವನು ಸುಳ್ಳನೆಂದು ನನ್ನ ತಕರಾರಲ್ಲ, ಸವೆದುಹೋಗಿದ್ದಾನೆ, ಅಷ್ಟೇ.

ಸವೆಯದ ಮಾತು ಹೇಗಿರುತ್ತದೆ? ಹಿಂದೊಮ್ಮೆ ನಮ್ಮೂರಿನ ಮಂಡಕ್ಕಿ ಭಟ್ಟಿಯೊಂದರ ಬಾಗಿಲಲ್ಲಿ ನಿಂತಿದ್ದೆ. ಕಾದ ಮರಳಿಗೆ ಒಂದು ಬೊಗಸೆ ಅಕ್ಕಿ ಬಿತ್ತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆಯ ತುಂಬ ಬೆಳ್ಳಗೆ ಉಬ್ಬಿತು. ಜರಡಿ ಹಿಡಿದಿದ್ದ ಹೆಂಗಸು ಮುಂದಿನ ಸರದಿಯನ್ನು ನೋಡಿ ಮುಖ ಸಿಂಡರಿಸಿ, “ಈ ಅಕ್ಕಿ ಯಾಕೋ ನಗುತ್ತಿಲ್ಲ” ಎಂದಳು. ಅಷ್ಟೇ. ಯಾವ ಅಲಂಕಾರಶಾಸ್ತ್ರವನ್ನೂ ಓದದ ಬಾಯಿ ಅದು. ಪಂಚಮಿಗೆ ಜೋಳ ಹುರಿದರೆ ಅದನ್ನು ‘ಅರಳು’ ಎನ್ನುತ್ತೇವೆ; ಹೂವು ಮಾಡುವುದೂ ಅದನ್ನೇ. ಅಡುಗೆಮನೆಯಲ್ಲಿ ದಿನವೂ ಬಳಸುವ ಮಾತು ಹಾಡಿಗೆ ಬಂದ ಕೂಡಲೇ ಅಪರಾಧವಾಗುವುದು ಹೇಗೆ?

ಪಕ್ಕದ ಚಿತ್ರದುರ್ಗವನ್ನೇ ನೋಡಿ. ತರಾಸು ಅವರ ಕಥೆ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕೋಟೆಯ ಬಂಡೆಗಳ ನಡುವೆ ಚಿತ್ರೀಕರಣಗೊಂಡ 1972ರ ‘ನಾಗರಹಾವು’. ಅದರ ನಾಯಕ ರಾಮಾಚಾರಿ ಹಾವಲ್ಲ, ಹುಡುಗ. ಹೆಸರಿನಲ್ಲೇ ರೂಪಕ ಹೆಡೆಯೆತ್ತಿದೆ. ಹಾವಿನ ದ್ವೇಷಕ್ಕೆ ಗಾದೆ ಕೊಟ್ಟ ಗಡುವು ಹನ್ನೆರಡು ವರ್ಷ; ಚಿತ್ರದ ಹಾಡೊಂದು ಅಲ್ಲಿಂದಲೇ ಜಿಗಿದು ತನ್ನ ರೋಷಕ್ಕೆ ನೂರು ವರ್ಷ ಎನ್ನುತ್ತದೆ. ಲೆಕ್ಕ ತಪ್ಪು ಎನ್ನುತ್ತೀರಾ? ಕೋಟೆಯ ಮೆಟ್ಟಿಲು ಹತ್ತಿ ಬಿಸಿ ಬಂಡೆಗೆ ಒಮ್ಮೆ ಬೆನ್ನು ಕೊಡಿ, ನೂರು ಕಡಿಮೆಯೆನಿಸುತ್ತದೆ.

ನಿಜವಾಗಿ ಹೊಟ್ಟೆ ಉರಿಯಬೇಕಾದದ್ದು ತರಗತಿಯ ಕಡೆ ನೋಡಿ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು, ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದು ಕರೆದ ನಾಡಿದು. ನಮ್ಮ ಮಕ್ಕಳಿಗೆ ಉಳಿದದ್ದು ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಎಂಬ ನಾಲ್ಕು ಖಾನೆ. ಸೀತೆಯ ಮುಖಕಮಲ ವರ್ಷಕ್ಕೊಮ್ಮೆ, ಪರೀಕ್ಷೆಯ ತಿಂಗಳಲ್ಲಿ ಮಾತ್ರ ಅರಳುತ್ತದೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಉಪಮೆಗೆ ಉದಾಹರಣೆ ಕೇಳಿದಾಗ “ನಮ್ಮ ಅಜ್ಜಿಯ ಅಂಗೈ ಖಡಕ್ ರೊಟ್ಟಿಯಂತೆ ಒರಟಾಗಿದೆ” ಎಂದು ಬರೆದಿದ್ದಳು. ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿತ್ತು. ಪಕ್ಕದಲ್ಲಿ ಸರಿಯುತ್ತರ: “ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು.” ನಾಳೆ ಇವಳೇ ಹಾಡು ಬರೆಯಲು ಕುಳಿತರೆ ಚಂದಿರನನ್ನಲ್ಲದೆ ಇನ್ನಾರನ್ನು ಕರೆದಾಳು, ಮೇಷ್ಟ್ರೇ? ಮದಗಜವನ್ನು ಅವಳು ಕಂಡಿಲ್ಲ. ರೊಟ್ಟಿಯನ್ನು ದಿನವೂ ಕಾಣುತ್ತಾಳೆ, ಅದನ್ನು ತಟ್ಟುವ ಅಂಗೈಯನ್ನೂ.