ಕೈಕೆಲಸವನ್ನು ಹೊರಗೆ ಕೊಡುವ ಸಂಕಟ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ, ಮೂಲತಃ ಧಾರವಾಡದ ಕಡೆಯವರಾದ ಈ ಮಹಿಳೆಯನ್ನು ‘ಸ’ ಎಂದು ಕರೆಯುತ್ತೇನೆ. ಹಿತ್ತಾಳೆ ತಂತಿ ಮತ್ತು ಗಾಜಿನ ಮಣಿಗಳಿಂದ ಸರ, ಓಲೆಗಳನ್ನು ಮಾಡಿ ಮಾರುವ ಅವರು ನನ್ನಲ್ಲಿಗೆ ಬಂದದ್ದು ನಿದ್ರೆ ಬಾರದೆಂಬ ದೂರಿನೊಂದಿಗೆ. ಗಣೇಶ ಚೌತಿಯಿಂದ ದೀಪಾವಳಿಯವರೆಗಿನ ಬೇಡಿಕೆ ಒಬ್ಬರ ಕೈಗೆ ಮೀರಿತ್ತು. ಮುಂಬೈನ ಮಲಾಡಿನಲ್ಲಿ ಕೃತಕ ಆಭರಣ ಮಾಡಿಕೊಡುವ ಘಟಕಗಳು ಬೇಕಾದಷ್ಟಿರುವಾಗ ಎಲ್ಲವನ್ನೂ ಅಲ್ಲಿಗೇ ಕೊಟ್ಟುಬಿಡು ಎಂಬುದು ಪತಿಯ ಒತ್ತಾಯ.

“ಹೊರಗ ಮಾಡಿಸಿದ್ರ ನಾ ಬರೇ ವ್ಯಾಪಾರಸ್ಥಳಾಗ್ತೀನಿ ಮೇಡಂ. ಕೈಲೆ ಮಾಡಿದ್ದು ಅಂತ ಯಾವ ಮಾರಿ ಇಟ್ಕೊಂಡು ಹೇಳ್ಲಿ?” ಎಂದು ಅವರು ಕಣ್ಣೀರಿಟ್ಟರು.

ರಾತ್ರಿ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳು ಜೋಮು ಹಿಡಿಯುತ್ತವೆ ಎಂದಾಗ ಮೊದಲು ಮೂಳೆತಜ್ಞರಲ್ಲಿಗೆ ಕಳುಹಿಸಿದೆ. ಮಣಿಕಟ್ಟಿನಲ್ಲಿ ನರ ಒತ್ತಿದಾಗ ಹೀಗಾಗಬಹುದು, ಅದನ್ನು ಅಲಕ್ಷಿಸಿದರೆ ಹೆಬ್ಬೆರಳಿನ ಬಲವೇ ಕುಗ್ಗಬಹುದು.

ಮುಂದಿನ ಭೇಟಿಯಲ್ಲಿ, ಒಂದು ಸರ ಹುಟ್ಟುವ ಬಗೆಯನ್ನು ಮೊದಲಿನಿಂದ ವಿವರಿಸುವಂತೆ ಕೇಳಿದೆ. ತಂತಿ ಕತ್ತರಿಸುವುದು, ಅದನ್ನು ಪುಟ್ಟ ಬಳೆಯಂತೆ ಬಗ್ಗಿಸಿ ಕೊಂಡಿ ಮಾಡುವುದು, ಕೊಕ್ಕೆ ಹಾಕುವುದು ಇವನ್ನೆಲ್ಲ ನಿರಾಸಕ್ತಿಯಿಂದ ಹೇಳಿದವರು, ಪದಕದ ಆಕಾರ ಮತ್ತು ಮಣಿಗಳ ಬಣ್ಣದ ಮಾತು ಬಂದಾಗ ಕುರ್ಚಿಯ ಅಂಚಿಗೆ ಬಂದು ಕುಳಿತರು. ದಿನದ ಬಹುಪಾಲು ಮಾತ್ರ ಕೊಂಡಿಗಳಿಗೇ ಹೋಗುತ್ತಿತ್ತು. ಮದುವೆಯಾದ ಮೇಲೆ ನೌಕರಿ ಬಿಟ್ಟ ಅವರಿಗೆ ಮನೆಯಲ್ಲಿ ತಮ್ಮ ಹೆಸರಿನಲ್ಲಿದ್ದದ್ದು ಇದೊಂದೇ. ಆದ್ದರಿಂದ ಕೊಂಡಿಯನ್ನು ಬಿಟ್ಟುಕೊಡುವುದೂ ತಮ್ಮನ್ನೇ ಬಿಟ್ಟುಕೊಟ್ಟಂತೆ ಅವರಿಗೆ ತೋರುತ್ತಿತ್ತು ಎಂದು ನನ್ನ ಗ್ರಹಿಕೆ.

ವಿನ್ಯಾಸ, ಬಣ್ಣದ ಆಯ್ಕೆ, ಕೊನೆಯ ಜೋಡಣೆಗಳನ್ನು ಉಳಿಸಿಕೊಂಡು, ಕೊಂಡಿ ಮತ್ತು ಕೊಕ್ಕೆಗಳನ್ನಷ್ಟೇ ಹೊರಗೆ ಕೊಡುವಂತೆ ಸಲಹೆ ನೀಡಿದೆ. ನೆರೆಯ ಇಬ್ಬರು ಮಹಿಳೆಯರು ಸಿದ್ಧರಿದ್ದರು. ಇಲ್ಲಿ ನಾನು ಒತ್ತಿ ಹೇಳಿದ ಮಾತೊಂದಿದೆ: ನೂರು ಕೊಂಡಿಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೀವೇ ಮಾಡಿ ನೋಡಿ, ಅದರ ಮೇಲೆ ಮಜೂರಿ ನಿಗದಿ ಮಾಡಿರಿ, ನಿಮ್ಮ ಮಣಿಕಟ್ಟನ್ನು ನೋಯಿಸಿದ ಕೆಲಸ ಅವರ ಮಣಿಕಟ್ಟನ್ನೂ ನೋಯಿಸಬಲ್ಲದಾದ್ದರಿಂದ ಒಬ್ಬರ ಮೇಲೆಯೇ ಎಲ್ಲವನ್ನೂ ಹೊರಿಸಬೇಡಿರಿ, ಒಳ್ಳೆಯ ಇಕ್ಕಳವನ್ನು ನೀವೇ ಕೊಡಿರಿ. ತಮ್ಮ ನೋವನ್ನು ಅಗ್ಗದ ದರದಲ್ಲಿ ಇನ್ನೊಬ್ಬರಿಗೆ ದಾಟಿಸುವ ಅಳುಕು ಅವರಲ್ಲಿ ಮೊದಲೇ ಇತ್ತು. ಅದು ಗೌರವಿಸಬೇಕಾದ ಅಳುಕು.

ಗ್ರಾಹಕರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಬೇಕು. ‘ವಿನ್ಯಾಸ ಮತ್ತು ಜೋಡಣೆ ನನ್ನದು, ಕೊಂಡಿಗಳನ್ನು ನೆರೆಯ ಮಹಿಳೆಯರು ಕೈಯಿಂದ ಮಾಡಿದ್ದಾರೆ’ ಎಂದು ಬರೆದರೆ ಕೈಕೆಲಸವೆಂಬ ಮಾತಿಗೆ ಚ್ಯುತಿಯಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದದ್ದನ್ನು ಕೈಕೆಲಸವೆಂದು ಮಾರಿದರೆ ಮಾತ್ರ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕಣ್ಣಿನಲ್ಲಿ ಅದು ದಾರಿ ತಪ್ಪಿಸುವ ಜಾಹೀರಾತಾಗಬಹುದು.

ಮುಂದೆ ಘಟಕಕ್ಕೆ ಕೊಡುವುದಾದರೆ ಮೊದಲು ಒಂದು ಮಾದರಿಯನ್ನು ಒಪ್ಪಿ ಅದರ ಜೋಡಿಯನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ಬೆವರು ತಾಗಿದಾಗ ನಿಕ್ಕಲ್ ಹಲವರಿಗೆ ತುರಿಕೆ ತರುವುದರಿಂದ ಲೇಪನದಲ್ಲಿ ಅದಿಲ್ಲವೆಂದು ಬರೆಸಿಕೊಳ್ಳಬೇಕು. ಜಿಎಸ್‌ಟಿ ನೋಂದಣಿ ಇದ್ದವರು ಕಚ್ಚಾಮಾಲನ್ನು ಚಲನ್ (ಸಾಗಣೆ ಚೀಟಿ) ಮೇಲೆ ಜಾಬ್ ವರ್ಕ್‌ಗೆ, ಅಂದರೆ ತಮ್ಮ ಮಾಲಿನಿಂದ ಇನ್ನೊಬ್ಬರು ಮಾಡಿಕೊಡುವ ಕೆಲಸಕ್ಕೆ, ಕಳುಹಿಸಿ, ಸಾಮಾನ್ಯವಾಗಿ 1 ವರ್ಷದೊಳಗೆ ಮರಳಿ ಪಡೆಯಬೇಕಾಗುತ್ತದೆ. ಹೊಸ ಪದಕದ ಚಿತ್ರವನ್ನು ಫೋನಿನಲ್ಲಿ ಹಂಚುವ ಮೊದಲೇ 2000ದ ವಿನ್ಯಾಸ ಕಾಯಿದೆಯಡಿ ಅರ್ಜಿ ಹಾಕುವುದು ಕ್ಷೇಮ, ಏಕೆಂದರೆ ಒಮ್ಮೆ ಬಹಿರಂಗವಾದ ವಿನ್ಯಾಸ ಹೊಸದೆನಿಸದೆ ನೋಂದಣಿಗೆ ಅನರ್ಹವಾಗುತ್ತದೆ. ಈ ಕಾಗದಪತ್ರಗಳಿಗೆ ಲೆಕ್ಕಪರಿಶೋಧಕರನ್ನು ಕಾಣಲು ಸೂಚಿಸಿದೆ.

ಪತಿಯನ್ನೂ ಒಮ್ಮೆ ಕರೆಸಿ, ಪತ್ನಿಯ ಹಿಂಜರಿಕೆಯನ್ನು ಹಟವೆಂದು ಎಣಿಸಬಾರದೆಂದು ವಿವರಿಸಿದೆ. ಕೊಂಡಿಗಳು ಈಗ ಹೊರಗೆ ಸಿದ್ಧವಾಗುತ್ತಿವೆ. ಮಣಿಕಟ್ಟಿನ ಚಿಕಿತ್ಸೆ ಮುಗಿಯುವವರೆಗೆ, ಅಂದರೆ ದೀಪಾವಳಿ ಕಳೆಯುವ ತನಕ, ಮಲಾಡಿನ ವಿಷಯವನ್ನು ತೀರ್ಮಾನಿಸುವುದಿಲ್ಲವೆಂದು ಇಬ್ಬರೂ ಒಪ್ಪಿದ್ದಾರೆ.