ಆ ಕೆಂಪು ನಾಲಿಗೆ ಕಾಳಿಯದ್ದಾ?

ತೀರ್ಥಹಳ್ಳಿಯವರೇ, ಮಗ ಶಿವಮೊಗ್ಗದ ಗಾಂಧಿ ಬಜಾರ್‌ನಿಂದ ತಂದ ಟೀ ಶರ್ಟ್ ಮೇಲಿನ ನಾಲಿಗೆ ನಮ್ಮ ಕಾಳಿಯದ್ದಾ ಅಂತ ಕೇಳಿದ್ದೀರಲ್ಲ, ಅರ್ಧ ಹೌದು. ಅದು 1962ರಿಂದ ಹಾಡುತ್ತಲೇ ಇರುವ ರೋಲಿಂಗ್ ಸ್ಟೋನ್ಸ್ ಬ್ಯಾಂಡ್‌ನ ಗುರುತು. 1970ರಲ್ಲಿ ಗಾಯಕ ಮಿಕ್ ಜಾಗರ್, ಲಂಡನ್ನಿನ ಕಲಾ ವಿದ್ಯಾರ್ಥಿ ಜಾನ್ ಪ್ಯಾಶ್‌ಗೆ ತೋರಿಸಿದ್ದು ಕಾಳಿಯ ಪಟವನ್ನೇ. ಪ್ಯಾಶ್ ದೇವಿಯನ್ನು ಬಿಟ್ಟು ಬರೀ ಬಾಯಿ, ನಾಲಿಗೆ ಬರೆದರು. ಮೊದಲಿಗೆ ಸಿಕ್ಕಿದ್ದು 50 ಪೌಂಡ್ ಅಷ್ಟೇ! ನಮ್ಮ ಸಾಗರದ ಅಡಿಕೆ ಮಂಡಿಯ ಗೋಡೆಯಲ್ಲಿ ಕಾಳಿಯ ಕ್ಯಾಲೆಂಡರ್ ಇದೆ. ಅಲ್ಲಿ ನಾಲಿಗೆ ನೋಡಿದರೆ ಭಯ ಆಗುತ್ತೆ, ಶರ್ಟಿನದು ಸುಮ್ನೆ ಅಣಕಿಸುವ ಹುಡುಗನ ಹಾಗಿದೆ, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಇಯಾನ್ ಸ್ಟೀವರ್ಟ್ ಕತೆ. ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬರು, ಪಿಯಾನೋ ನುಡಿಸುತ್ತಿದ್ದರು. ನೋಡೋಕೆ ಹೊಂದಲ್ಲ ಅಂತ 1963ರಲ್ಲಿ ಮ್ಯಾನೇಜರ್ ಅವರನ್ನು ಫೋಟೋದಿಂದ ಹೊರಗಿಟ್ಟರು. ಇನ್ನೊಬ್ಬರಾಗಿದ್ದರೆ ಎದ್ದು ಹೋಗುತ್ತಿದ್ದರು. ಇವರು ವ್ಯಾನ್ ಓಡಿಸುತ್ತಾ, ಸಾಮಾನು ಹೊರುತ್ತಾ, ಪಿಯಾನೋ ನುಡಿಸುತ್ತಾ 1985ರಲ್ಲಿ ಸಾಯುವವರೆಗೂ ಜೊತೆಗಿದ್ದರು.

ಡ್ರಮ್ಮರ್ ಚಾರ್ಲಿ ವಾಟ್ಸ್ ಅಂತೂ ಪ್ರವಾಸದಲ್ಲಿ ತಾವು ಮಲಗಿದ ಹೋಟೆಲ್ ಮಂಚಗಳ ಚಿತ್ರ ಬರೆದಿಡುತ್ತಿದ್ದರು. ಮಗನಿಗೆ ಹೇಳಿ, 2003ರಲ್ಲಿ ಈ ಬ್ಯಾಂಡ್‌ನವರು ಬೆಂಗಳೂರಿಗೂ ಬಂದು ಹಾಡಿದ್ದರು.